ಅಮೆರಿಕದ ಕ್ರಾಂತಿಪುತ್ರಿಯರು: ವಂಶಪ್ರಮಾಣವೂ ಶಾಖೆಯ ಹೊಸ್ತಿಲೂ

ವಂಶದ ಅಭಿಮಾನವು ಮಾನವಕುಲದಷ್ಟೇ ಪ್ರಾಚೀನವಾದುದು. ರಾಜಮನೆತನಗಳು ತಮ್ಮ ಮೂಲವನ್ನು ಸೂರ್ಯಚಂದ್ರರವರೆಗೆ ಕೊಂಡೊಯ್ದುದನ್ನು ಶಾಸನಗಳನ್ನು ಓದಿದವರೆಲ್ಲರೂ ಬಲ್ಲರು. ಆದರೆ ಅರಸೊತ್ತಿಗೆಯನ್ನೇ ಕಿತ್ತೊಗೆದು, ಜನ್ಮದಿಂದ ಬರುವ ಬಿರುದುಬಾವಲಿಗಳನ್ನು ತನ್ನ ಸಂವಿಧಾನದಲ್ಲಿಯೇ ನಿಷೇಧಿಸಿದ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ, ಕೇವಲ ವಂಶವನ್ನೇ ಅರ್ಹತೆಯಾಗಿ ಉಳ್ಳ ಒಂದು ಮಹಿಳಾ ಸಂಘವು ಒಂದು ಶತಮಾನಕ್ಕೂ ಮಿಕ್ಕಿ ಬಾಳಿ ಬೆಳೆದುದು ಕುತೂಹಲಕರವಾದ ಸಂಗತಿ. ‘ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್’, ಎಂದರೆ ‘ಅಮೆರಿಕದ ಕ್ರಾಂತಿಯ ಪುತ್ರಿಯರು’ ಎಂಬುದು ಆ ಸಂಘದ ಹೆಸರು. ಬ್ರಿಟಿಷ್ ಪ್ರಭುತ್ವದ ವಿರುದ್ಧ 1775ರಿಂದ 1783ರವರೆಗೆ ನಡೆದ ಸ್ವಾತಂತ್ರ್ಯ ಸಮರದಲ್ಲಿ ಪಾಲುಗೊಂಡವರ ನೇರ ಸಂತತಿಯ ಸ್ತ್ರೀಯರಿಗೆ ಮಾತ್ರ ಅದರಲ್ಲಿ ಪ್ರವೇಶವುಂಟು. ಇಂದು ಸುಮಾರು 1,90,000 ಸದಸ್ಯೆಯರೂ ಸುಮಾರು 3,000 ಸ್ಥಳೀಯ ಶಾಖೆಗಳೂ ಈ ಸಂಘಕ್ಕಿವೆ. ಅದರ ಕೇಂದ್ರವು ವಾಷಿಂಗ್ಟನ್ನಿನ ಭವ್ಯ ಸೌಧಗಳಲ್ಲಿದೆ. ಆದರೆ ಅದರ ಗುಣವೂ ದೋಷವೂ ಒಟ್ಟಿಗೆ ಕಾಣಸಿಗುವುದು ಊರೂರಿನ ಶಾಖೆಗಳಲ್ಲಿ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ಪ್ರಶ್ನೆ ಬಹುಕಾಲ ತೀರ್ಮಾನವಾಗುತ್ತಿದ್ದುದು ಆ ಶಾಖೆಗಳ ಹೊಸ್ತಿಲಿನಲ್ಲಿಯೇ.

ಈ ಸಂಘ ಹುಟ್ಟಿದ್ದೇ ಒಂದು ಬಹಿಷ್ಕಾರದಿಂದ ಎಂಬುದನ್ನು ಮೊದಲು ಗಮನಿಸಬೇಕು. 1889ರಲ್ಲಿ ಸ್ವಾತಂತ್ರ್ಯಯೋಧರ ವಂಶಜರಾದ ಪುರುಷರು ‘ಅಮೆರಿಕದ ಕ್ರಾಂತಿಯ ಪುತ್ರರು’ ಎಂಬ ಸಂಘವನ್ನು ಕಟ್ಟಿಕೊಂಡರು. ಮರುವರ್ಷ ಅದರ ಸಮ್ಮೇಳನವು ಸ್ತ್ರೀಯರಿಗೆ ಸದಸ್ಯತ್ವವಿಲ್ಲವೆಂದು ನಿರ್ಣಯಿಸಿತು. ಇದರಿಂದ ಮನನೊಂದ ಮೇರಿ ಸ್ಮಿತ್ ಲಾಕ್‌ವುಡ್ ಎಂಬ ಲೇಖಕಿ 1890ರ ಜುಲೈ 13ರ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ಒಂದು ಪತ್ರವನ್ನು ಪ್ರಕಟಿಸಿದರು. ಅದರಲ್ಲಿ ಅವರು ಹೇಳಿದ್ದು ಹನ್ನಾ ಆರ್ನೆಟ್ ಎಂಬ ಗೃಹಿಣಿಯ ಕಥೆಯನ್ನು. 1776ರ ಕೊನೆಯ ದಿನಗಳಲ್ಲಿ ನ್ಯೂಜೆರ್ಸಿಯ ಎಲಿಜಬೆತ್‌ಟೌನಿನಲ್ಲಿ ಆಕೆಯ ಮನೆಯಲ್ಲಿ ಊರಿನ ಗಂಡಸರು ಸೇರಿ, ಬ್ರಿಟಿಷರು ನೀಡಿದ ಕ್ಷಮಾದಾನವನ್ನು ಒಪ್ಪಿಕೊಂಡು ಶರಣಾಗುವ ವಿಚಾರ ಮಾಡುತ್ತಿದ್ದರಂತೆ. ಪಕ್ಕದ ಕೋಣೆಯಲ್ಲಿ ಕುಳಿತು ಅದನ್ನು ಕೇಳಿಸಿಕೊಂಡ ಆಕೆ ಸಭೆಯ ನಡುವೆ ನುಗ್ಗಿ, ಅವರ ಹೇಡಿತನವನ್ನು ಹಳಿದು, ಪತಿಯು ಶರಣಾದಲ್ಲಿ ತಾನು ಅವನನ್ನೇ ತೊರೆಯುವೆನೆಂದು ನಿಷ್ಠುರವಾಗಿ ನುಡಿದಳಂತೆ. ಗಂಡಸರು ನಾಚಿ ನಿರ್ಧಾರ ಬದಲಿಸಿದರೆಂಬುದು ಪರಂಪರಾಗತ ಕಥನ. ಇಂಥ ತಾಯಂದಿರ ದೇಶಭಕ್ತಿಗೆ ಬೆಲೆಯಿಲ್ಲವೇ ಎಂಬುದೇ ಲಾಕ್‌ವುಡ್ ಅವರ ಪತ್ರದ ತಾತ್ಪರ್ಯವಾಗಿತ್ತು. ಅದನ್ನೋದಿದ ವಿಲಿಯಂ ಮ್ಯಾಕ್‌ಡವೆಲ್ ಎಂಬ ಆರ್ನೆಟ್ ವಂಶದ ಗೃಹಸ್ಥರೇ ಮುಂದೆ ಬಂದು ಮಹಿಳಾ ಸಂಘದ ಸ್ಥಾಪನೆಗೆ ನೆರವಾಗುವೆನೆಂದರು.

ಇಲ್ಲಿ ಒಂದು ಸ್ವಾರಸ್ಯವಿದೆ. ಹನ್ನಾ ಆರ್ನೆಟ್ಟಳ ಕಥೆಯು ಬಾಯಿಂದ ಬಾಯಿಗೆ ಬಂದು, ಘಟನೆ ನಡೆದು ನೂರು ವರ್ಷಗಳ ಬಳಿಕ ಮುದ್ರಣ ಕಂಡದ್ದು. ಸಮಕಾಲೀನ ದಾಖಲೆಯ ಬಲ ಅದಕ್ಕೆ ಇಲ್ಲ. ಪ್ರತಿಯೊಂದು ತಲೆಮಾರಿಗೂ ಲಿಖಿತ ಪ್ರಮಾಣ ಬೇಕೆಂದು ಹಟ ಹಿಡಿಯುವ ಸಂಘವೊಂದು ಇಂಥ ಐತಿಹ್ಯದ ಕಿಡಿಯಿಂದ ಹೊತ್ತಿಕೊಂಡಿತು.

1890ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನಲ್ಲಿ ಲಾಕ್‌ವುಡ್ ಅವರ ನಿವಾಸದಲ್ಲಿ ಸಂಘವು ಅಸ್ತಿತ್ವಕ್ಕೆ ಬಂದಿತು. ಅಂದು ಸದಸ್ಯತ್ವಕ್ಕೆ ಹೆಸರು ಕೊಟ್ಟವರು 18 ಮಂದಿ. ಲಾಕ್‌ವುಡ್, ಮೇರಿ ಡೆಶಾ, ಎಲೆನ್ ಹಾರ್ಡಿನ್ ವಾಲ್‌ವರ್ತ್ ಮತ್ತು ಯೂಜೀನಿಯಾ ವಾಷಿಂಗ್ಟನ್ ಇವರನ್ನು ಸಂಸ್ಥಾಪಕಿಯರೆಂದು ಗೌರವಿಸಲಾಗುತ್ತದೆ. ನಾಲ್ವರೂ ಸ್ವಂತ ದುಡಿಮೆಯಿಂದ ಬಾಳು ಸಾಗಿಸುತ್ತಿದ್ದ ಸ್ತ್ರೀಯರೆಂಬುದು ನೆನಪಿಡತಕ್ಕ ಮಾತು. ಸಂಘಕ್ಕೆ ಶ್ರೀಮಂತ ಗೃಹಿಣಿಯರ ಕೂಟವೆಂಬ ಹೆಸರು ಬಂದುದು ಅನಂತರದಲ್ಲಿ. ಅಂದಿನ ರಾಷ್ಟ್ರಾಧ್ಯಕ್ಷ ಬೆಂಜಮಿನ್ ಹ್ಯಾರಿಸನ್ನರ ಪತ್ನಿ ಕ್ಯಾರೊಲಿನ್ ಹ್ಯಾರಿಸನ್ ಮೊದಲ ಮಹಾಧ್ಯಕ್ಷೆಯಾದರು. ಮರುವರ್ಷ ಮಾರ್ಚಿ ತಿಂಗಳಲ್ಲಿ ಶಿಕಾಗೊ ನಗರದಲ್ಲಿ ಮೊದಲ ಸ್ಥಳೀಯ ಶಾಖೆ ರಚನೆಗೊಂಡಿತು. 1896ರಲ್ಲಿ ರಾಷ್ಟ್ರದ ಶಾಸನಸಭೆಯಾದ ಕಾಂಗ್ರೆಸ್ಸಿನಿಂದ ಸಂಘಕ್ಕೆ ಸನ್ನದು ದೊರೆಯಿತು.

ಶಾಖೆಯೆಂದರೆ ಏನು? ಒಂದು ಊರಿನ ಅಥವಾ ನೆರೆಹೊರೆಯ ಊರುಗಳ ಕೆಲವೇ ಮಂದಿ ಸ್ತ್ರೀಯರು ತಿಂಗಳಿಗೊಮ್ಮೆ ಸೇರುವ ಸಭೆ. ಅದರ ಮುಖ್ಯಸ್ಥೆಗೆ ‘ರೀಜೆಂಟ್’ ಎಂದು ಹೆಸರು. ಲೆಕ್ಕ ನೋಡುವ ಖಜಾಂಚಿ, ಪ್ರಾರ್ಥನೆ ನಡೆಸುವವರು, ಊರಿನ ಇತಿಹಾಸವನ್ನು ಬರೆದಿಡುವವರು ಹೀಗೆ ಹಲವು ಪದಾಧಿಕಾರಿಗಳಿದ್ದರೂ, ಇವರೆಲ್ಲರಿಗಿಂತ ಹೆಚ್ಚಿನ ಹೊಣೆ ‘ರಿಜಿಸ್ಟ್ರಾರ್’ ಎಂಬ ದಾಖಲೆಗಾರ್ತಿಯದು. ಅರ್ಜಿ ತಂದವಳ ವಂಶಾವಳಿಯನ್ನು ಪರಿಶೀಲಿಸಿ ಕೇಂದ್ರಕ್ಕೆ ಕಳುಹಿಸುವ ಕಾರ್ಯ ಆಕೆಯದೇ. ಶಾಖೆಗೆ ಸಾಮಾನ್ಯವಾಗಿ ಆ ಪ್ರದೇಶದ ಒಬ್ಬ ಹಳೆಯ ಯೋಧನ ಹೆಸರನ್ನೋ, ಕೋಟೆ, ಹೊಳೆ, ಕದನಗಳ ಹೆಸರನ್ನೋ ಇಡುವುದು ವಾಡಿಕೆ. ‘ದೇವರು, ಮನೆ, ದೇಶ’ ಎಂಬುದು ಎಲ್ಲ ಶಾಖೆಗಳಿಗೂ ಸಮಾನವಾದ ಧ್ಯೇಯವಾಕ್ಯ.

ಇನ್ನು ಅರ್ಹತೆಯ ವಿಚಾರ. ಹದಿನೆಂಟು ವರ್ಷ ತುಂಬಿದ ಸ್ತ್ರೀಯು ತನ್ನಿಂದ ತೊಡಗಿ ಸ್ವಾತಂತ್ರ್ಯ ಸಮರದ ಕಾಲದ ಪೂರ್ವಜನವರೆಗೆ ಪ್ರತಿಯೊಂದು ತಲೆಮಾರಿನ ಜನನ, ವಿವಾಹ, ಮರಣಗಳ ದಿನ ಮತ್ತು ಸ್ಥಳಗಳನ್ನು ಪ್ರಮಾಣಸಹಿತ ತೋರಿಸಬೇಕು. ಒಬ್ಬರಿಂದ ಇನ್ನೊಬ್ಬರು ಹುಟ್ಟಿದರೆಂಬ ಕೊಂಡಿ ಎಲ್ಲಿಯೂ ಕಳಚಿರಬಾರದು. ಆ ಪೂರ್ವಜನು ಕತ್ತಿ ಹಿಡಿದವನೇ ಆಗಿರಬೇಕೆಂಬ ನಿಯಮವಿಲ್ಲ. ಸೈನ್ಯಕ್ಕೆ ಧಾನ್ಯವನ್ನೋ ದನಗಳನ್ನೋ ಒದಗಿಸಿದವನು, ಹೊಸ ಪ್ರಭುತ್ವಕ್ಕೆ ನಿಷ್ಠೆಯ ಪ್ರಮಾಣ ಸ್ವೀಕರಿಸಿದವನು, ಊರಿನ ಸಮಿತಿಯಲ್ಲಿ ಕೆಲಸ ಮಾಡಿದವನು ಸಹ ದೇಶಭಕ್ತನೆಂದೇ ಗಣನೆ. ಈ ಉದಾರವಾದ ವ್ಯಾಖ್ಯೆಯಿಂದ ಸ್ತ್ರೀಯರೂ ದೇಶಭಕ್ತರ ಪಟ್ಟಿಯಲ್ಲಿ ಸೇರುವಂತಾಯಿತು. ಯುದ್ಧವನ್ನು ಕೇವಲ ಸೇನಾನಿಗಳ ಚರಿತ್ರೆಯಾಗಿ ಕಾಣದೆ ಇಡೀ ಸಮಾಜದ ಪ್ರಯತ್ನವಾಗಿ ಕಂಡದ್ದು ಸಂಘದ ಹಿರಿಯ ಗುಣವೆಂದೇ ಹೇಳಬೇಕು.

ಆದರೆ ಪ್ರಮಾಣ ದೊರೆಯುವುದು ಎಲ್ಲಿಂದ? 1800ನೆಯ ಇಸವಿಯಲ್ಲಿ ಯುದ್ಧ ಇಲಾಖೆಯ ಕಚೇರಿಗೆ ಬೆಂಕಿ ಬಿದ್ದು ಸಮರಕಾಲದ ಅಸಂಖ್ಯ ಸೇನಾ ಕಾಗದಗಳು ಸುಟ್ಟುಹೋದವು. ಉಳಿದವುಗಳಲ್ಲಿ ಅತ್ಯಂತ ಬೆಲೆಯುಳ್ಳವು ಪಿಂಚಣಿಯ ಅರ್ಜಿಗಳು. ವೃದ್ಧ ಯೋಧರೂ ಅವರ ವಿಧವೆಯರೂ ತಮ್ಮ ಹಕ್ಕನ್ನು ಸಾಧಿಸುವ ಸಲುವಾಗಿ ಕುಟುಂಬದ ಬೈಬಲ್ಲಿನಿಂದ, ಜನನ ವಿವಾಹಗಳನ್ನು ಬರೆದಿಟ್ಟಿದ್ದ ಹಾಳೆಯನ್ನೇ ಹರಿದು ಅರ್ಜಿಯೊಂದಿಗೆ ಲಗತ್ತಿಸಿ ಕಳುಹಿಸಿದುದುಂಟು. ಪವಿತ್ರ ಗ್ರಂಥದ ಹಾಳೆ ಸರಕಾರಿ ಕಡತವನ್ನು ಸೇರಿ, ಮುಂದೆ ಮೊಮ್ಮಕ್ಕಳ ಮಕ್ಕಳಿಗೆ ವಂಶದ ಆಧಾರವಾಯಿತು. ಊರಿನ ಶಾಖೆಗಳ ಸ್ತ್ರೀಯರು ಇಂಥ ಬೈಬಲ್ ಬರಹಗಳನ್ನು ಮನೆಮನೆಗೆ ಹೋಗಿ ನಕಲು ಮಾಡಿದರು. ಹುಲ್ಲು ಮುಚ್ಚಿದ ಶ್ಮಶಾನಗಳಲ್ಲಿ ಮಾಸಿದ ಸಮಾಧಿಲೇಖಗಳನ್ನು ಓದಿ ಬರೆದುಕೊಂಡರು. ನ್ಯಾಯಾಲಯಗಳ ಉಯಿಲು, ವಿವಾಹಪತ್ರಗಳ ಪಟ್ಟಿ ಮಾಡಿದರು. ಅವು ಸಂಪುಟ ಸಂಪುಟಗಳಾಗಿ ವಾಷಿಂಗ್ಟನ್ನಿನ ಗ್ರಂಥಾಲಯವನ್ನು ಸೇರಿವೆ. ವಿಶ್ವವಿದ್ಯಾಲಯದ ಪಂಡಿತರು ಬಹುಕಾಲ ಈ ಕೆಲಸವನ್ನು ಹವ್ಯಾಸಿಗಳ ಕಾಲಹರಣವೆಂದು ಬಗೆದರು. ಅದು ನ್ಯಾಯವಲ್ಲ. ಆ ಕಲ್ಲುಗಳಲ್ಲಿ ಎಷ್ಟೋ ಇಂದು ಅಕ್ಷರವುಳಿಯದೆ ಸವೆದಿವೆ. ನಕಲು ಮಾತ್ರ ಉಳಿದಿದೆ.

ಸಂಸ್ಥಾಪಕಿಯರಲ್ಲಿ ಒಬ್ಬರಾದ ಎಲೆನ್ ವಾಲ್‌ವರ್ತ್ ಅವರ ದೂರದೃಷ್ಟಿಯನ್ನು ಇಲ್ಲಿಯೇ ಸ್ಮರಿಸಬೇಕು. ಅಂದು ರಾಷ್ಟ್ರದ ಕಾಗದಪತ್ರಗಳು ಬೇರೆ ಬೇರೆ ಇಲಾಖೆಗಳ ನೆಲಮಾಳಿಗೆಗಳಲ್ಲಿ ಹರಡಿ ಹಾಳಾಗುತ್ತಿದ್ದವು. 1893ರಲ್ಲಿಯೇ ಅವರು ಇತಿಹಾಸಕಾರರ ಸಭೆಯ ಮುಂದೆ ಒಂದು ಪ್ರಬಂಧವನ್ನಿಟ್ಟು, ದೇಶಕ್ಕೊಂದು ರಾಷ್ಟ್ರೀಯ ಪತ್ರಾಗಾರ ಅವಶ್ಯಕವೆಂದು ವಾದಿಸಿದರು. ಅದು ಕೈಗೂಡಿದ್ದು ನಾಲ್ಕು ದಶಕಗಳ ಬಳಿಕ, 1934ರಲ್ಲಿ. ಈ ಪತ್ರಾಗಾರದ ಪ್ರಸ್ತಾಪ ಮುಂದೆ ಮತ್ತೊಮ್ಮೆ ಬರಲಿದೆ.

ಶಾಖೆಗಳ ಇತರ ಕಾರ್ಯಗಳು ಅನೇಕ: ಯೋಧರ ಸಮಾಧಿಗಳಿಗೆ ಗುರುತಿನ ಫಲಕ, ಶಾಲಾಮಕ್ಕಳಿಗೆ ಇತಿಹಾಸದ ಪ್ರಬಂಧ ಸ್ಪರ್ಧೆ, ಹೊಸದಾಗಿ ಪೌರತ್ವ ಪಡೆಯುವ ವಲಸೆಗಾರರಿಗೆ ಕೈಪಿಡಿ ಹಂಚುವುದು ಇತ್ಯಾದಿ. ಇವುಗಳಲ್ಲಿ ಒಂದನ್ನು ಮಾತ್ರ ವಿವರವಾಗಿ ನೋಡಬಹುದು. ರಾಜಧಾನಿ ವಾಷಿಂಗ್ಟನ್ನಿಗೆಂದು 1791-92ರಲ್ಲಿ ಭೂಮಿ ಅಳೆದು, ಮೈಲಿಗೊಂದರಂತೆ 40 ಸೀಮಾಶಿಲೆಗಳನ್ನು ನೆಟ್ಟಿದ್ದರು. ನೂರು ವರ್ಷಗಳಲ್ಲಿ ಅವು ಪೊದೆಗಳಲ್ಲಿ ಹುದುಗಿ, ಒಡೆದು, ಅನಾಥವಾಗಿದ್ದವು. 1915ರಿಂದ ಆ ಪ್ರದೇಶದ ಶಾಖೆಗಳ ಸ್ತ್ರೀಯರು ಒಂದೊಂದು ಶಿಲೆಯ ಹೊಣೆ ಹೊತ್ತು ಸುತ್ತಲೂ ಕಬ್ಬಿಣದ ಕಟಕಟೆ ಹಾಕಿಸಿದರು. ರಾಷ್ಟ್ರ ರಾಜಧಾನಿಯ ಅತಿ ಪ್ರಾಚೀನ ಸ್ಮಾರಕಗಳು ಉಳಿದದ್ದು ಹೀಗೆ. ಆ ಭೂಮಾಪನದ ಆರಂಭದಲ್ಲಿ ನಕ್ಷತ್ರವೀಕ್ಷಣೆ ಮಾಡಿ ನೆರವಾದವನು ಬೆಂಜಮಿನ್ ಬ್ಯಾನೆಕರ್ ಎಂಬ ಆಫ್ರಿಕನ್ ಮೂಲದ ಸ್ವತಂತ್ರ ಪ್ರಜೆ, ಸ್ವಯಂಶಿಕ್ಷಿತ ಖಗೋಳಜ್ಞ. 1976ರಲ್ಲಿ ಆ ಶಿಲೆಗಳಲ್ಲೊಂದನ್ನು ಅವನ ಹೆಸರಿನಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಗಿ ಘೋಷಿಸಲಾಯಿತು. ಬ್ಯಾನೆಕರನ ಕಲ್ಲಿಗೆ ಕಟಕಟೆ ಕಟ್ಟಿಸಿದ ಸಂಘವು ಅವನ ಜನಾಂಗದ ಹೆಣ್ಣುಮಕ್ಕಳ ಮುಂದೆಯೂ ಒಂದು ಕಟಕಟೆಯನ್ನು ನಿಲ್ಲಿಸಿತ್ತು.

ಕ್ರಾಂತಿಯ ಸೇನೆಯಲ್ಲಿ ಸುಮಾರು 5,000 ಆಫ್ರಿಕನ್ ಮೂಲದವರು ಹೋರಾಡಿದ್ದರೆಂದು ಇತಿಹಾಸಕಾರರ ಅಂದಾಜು. ಅವರ ಸಂತತಿಗೆ ಸಂಘದ ಬಾಗಿಲು ನ್ಯಾಯವಾಗಿ ತೆರೆದಿರಬೇಕಿತ್ತು. ಆದರೆ ಎರಡು ತಡೆಗಳಿದ್ದವು. ಮೊದಲನೆಯದು ಕಾಗದದ ತಡೆ. ಗುಲಾಮನಿಗೆ ಕಾನೂನಿನಲ್ಲಿ ವಿವಾಹವೆಂಬುದೇ ಇರಲಿಲ್ಲ. ಆದುದರಿಂದ ವಿವಾಹಪತ್ರವೂ ಇಲ್ಲ. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರುಂಟು, ಅವನ ಕೆಳಗೆ ಸಾಲುಸಾಲಾಗಿ ವಯಸ್ಸು, ಲಿಂಗ, ಮೈಬಣ್ಣಗಳುಂಟು, ಮನುಷ್ಯರ ಹೆಸರುಗಳಿಲ್ಲ. ಬಿಡುಗಡೆ ಹೊಂದಿದ ಈ ಜನರ ಹೆಸರು ಜನಗಣತಿಯಲ್ಲಿ ಮೊದಲ ಬಾರಿಗೆ ಮೂಡಿದ್ದು 1870ರಲ್ಲಿ. ಅದರಾಚೆಗೆ ವಂಶಾವಳಿಯನ್ನು ಒಯ್ಯಬೇಕಾದರೆ ಒಡೆಯನ ಉಯಿಲಿನಲ್ಲಿ, ಸ್ಥಿರಚರ ಆಸ್ತಿಯ ಪಟ್ಟಿಯಲ್ಲಿ, ಎತ್ತು ನೇಗಿಲುಗಳ ನಡುವೆ ತನ್ನ ಅಜ್ಜಿಯನ್ನು ಹುಡುಕಬೇಕು. ಪ್ರಮಾಣವನ್ನು ಕೇಳುವುದು ತಪ್ಪಲ್ಲ. ಆದರೆ ಪ್ರಮಾಣವೇ ಹುಟ್ಟದಂತೆ ನೋಡಿಕೊಂಡ ಸಮಾಜವು ಅದನ್ನು ಕೇಳಿದಾಗ ಆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ.

ಎರಡನೆಯದು ಮನಸ್ಸಿನ ತಡೆ. ಅದು ಜಗತ್ತಿಗೆಲ್ಲ ತಿಳಿದದ್ದು 1939ರಲ್ಲಿ. ಸಂಘವು 1929ರಲ್ಲಿ ವಾಷಿಂಗ್ಟನ್ನಿನಲ್ಲಿ ‘ಕಾನ್‌ಸ್ಟಿಟ್ಯೂಷನ್ ಹಾಲ್’ ಎಂಬ ವಿಶಾಲ ಸಭಾಭವನವನ್ನು ಕಟ್ಟಿಸಿತ್ತು. ಸುಪ್ರಸಿದ್ಧ ಗಾಯಕಿ ಮೇರಿಯನ್ ಆಂಡರ್ಸನ್ ಅವರ ಕಛೇರಿಗಾಗಿ ಹೋವರ್ಡ್ ವಿಶ್ವವಿದ್ಯಾಲಯವು ಆ ಭವನವನ್ನು ಕೇಳಿದಾಗ, ಬಿಳಿಯ ಕಲಾವಿದರಿಗೆ ಮಾತ್ರ ಅವಕಾಶವೆಂಬ ನಿಯಮವನ್ನು ಹಿಡಿದು ಸಂಘವು ನಿರಾಕರಿಸಿತು. ರಾಷ್ಟ್ರಾಧ್ಯಕ್ಷರ ಪತ್ನಿ, ಸ್ವತಃ ಸಂಘದ ಸದಸ್ಯೆಯಾಗಿದ್ದ ಎಲಿನಾರ್ ರೂಸ್‌ವೆಲ್ಟ್ ಸದಸ್ಯತ್ವಕ್ಕೆ ರಾಜೀನಾಮೆ ಇತ್ತರು. ಆ ವರ್ಷ ಏಪ್ರಿಲ್ 9ರ ಈಸ್ಟರ್ ಭಾನುವಾರದಂದು ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು, 75,000 ಶ್ರೋತೃಗಳ ಮುಂದೆ ಆಂಡರ್ಸನ್ ಹಾಡಿದರು. 1943ರಲ್ಲಿ ಅವರು ಅದೇ ಸಭಾಭವನದಲ್ಲಿಯೂ ಹಾಡಿದರು; ಬಿಳಿಯ ಕಲಾವಿದರ ನಿಯಮವು ಸಂಪೂರ್ಣವಾಗಿ ಹೋದದ್ದು 1952ರಲ್ಲಿ.

ಸಭಾಭವನದ ಬಾಗಿಲು ತೆರೆದರೂ ಶಾಖೆಯ ಬಾಗಿಲು ತೆರೆಯಲು ಇನ್ನೂ ಕಾಲು ಶತಮಾನ ಬೇಕಾಯಿತು. 1976ರಲ್ಲಿ ಅಮೆರಿಕವು ತನ್ನ ಸ್ವಾತಂತ್ರ್ಯದ ದ್ವಿಶತಮಾನೋತ್ಸವವನ್ನು ಆಚರಿಸುತ್ತಿದ್ದಾಗ, ಡೆಟ್ರಾಯಿಟ್ ನಗರದ ಕ್ಯಾರೆನ್ ಬ್ಯಾಚಲರ್ ಫಾರ್ಮರ್ ಎಂಬ ಆಫ್ರಿಕನ್ ಮೂಲದ ತರುಣಿ, ಎಳೆಯ ಮಗುವಿನ ತಾಯಿ, ತನ್ನ ಕುಟುಂಬದ ಮೂಲವನ್ನು ಹುಡುಕತೊಡಗಿದರು. ಹುಡುಕಾಟವು ಅವರನ್ನು ಪೆನ್ಸಿಲ್ವೇನಿಯದ ವಿಲಿಯಂ ಹುಡ್ ಎಂಬ ಯೋಧನವರೆಗೆ ಒಯ್ದಿತು. ಅವರಿಗೆ ದಾರಿ ತೋರಿದವರು ರಾಷ್ಟ್ರೀಯ ಪತ್ರಾಗಾರದಲ್ಲಿ ವಂಶಶೋಧನ ವಿಭಾಗದ ಮುಖ್ಯಸ್ಥರಾಗಿದ್ದ ಜೇಮ್ಸ್ ಡೆಂಟ್ ವಾಕರ್. ಇವರೂ ಆಫ್ರಿಕನ್ ಮೂಲದವರೇ. ಮಿಶಿಗನ್ ರಾಜ್ಯದ ರಾಯಲ್ ಓಕ್ ಎಂಬ ಊರಿನ ‘ಎಜ್ರಾ ಪಾರ್ಕರ್’ ಶಾಖೆಯು ತಾನಾಗಿ ಫಾರ್ಮರ್ ಅವರನ್ನು ಆಹ್ವಾನಿಸಿತು. 1977ರಲ್ಲಿ ಅವರು ಸಂಘದ ಇತಿಹಾಸದಲ್ಲಿ ಗೊತ್ತಿರುವ ಮೊದಲ ಆಫ್ರಿಕನ್ ಮೂಲದ ಸದಸ್ಯೆಯಾದರು. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಈ ವಾರ್ತೆಯನ್ನು ಮೊದಲ ಪುಟದಲ್ಲಿಯೇ ಅಚ್ಚು ಮಾಡಿತು. ಸಂಸ್ಥಾಪಕಿ ವಾಲ್‌ವರ್ತ್ ಕನಸಿದ ಪತ್ರಾಗಾರವು ಎಂಬತ್ತನಾಲ್ಕು ವರ್ಷಗಳ ತರುವಾಯ ಅವರದೇ ಸಂಘದ ಬಾಗಿಲಿಗೆ ಕೀಲಿಕೈಯಾಗಿ ಒದಗಿದ ಬಗೆ ಇದು. ಆಕೆ ಇದನ್ನು ಊಹಿಸಿದ್ದಿರಲಾರರು.

ಒಂದು ಶಾಖೆ ತೋರಿದ ಔದಾರ್ಯವನ್ನು ಎಲ್ಲ ಶಾಖೆಗಳೂ ತೋರುವುವೆಂದು ನಂಬುವಂತಿರಲಿಲ್ಲ. ಶಾಲೆಯ ಕಾರ್ಯದರ್ಶಿಯಾಗಿ ನಿವೃತ್ತರಾಗಿದ್ದ ಲೀನಾ ಸ್ಯಾಂಟೋಸ್ ಫರ್ಗ್ಯೂಸನ್ ಎಂಬ ಆಫ್ರಿಕನ್ ಮೂಲದ ಮಹಿಳೆಗೆ ರಾಜಧಾನಿಯಲ್ಲಿಯೇ ಇದರ ಅನುಭವವಾಯಿತು. ಮೇಯ್ನ್ ಪ್ರಾಂತದ ಜೋನಾ ಗೇ ಎಂಬ ಬಿಳಿಯ ದೇಶಭಕ್ತನವರೆಗೆ ಆಕೆಯ ವಂಶಾವಳಿ ನಿರ್ದುಷ್ಟವಾಗಿತ್ತು. ಕಾಗದದಲ್ಲಿ ಕೊರತೆಯಿರಲಿಲ್ಲ, ಆದರೂ ವಾಷಿಂಗ್ಟನ್ನಿನ ಶಾಖೆ ಆಕೆಯನ್ನು ಸೇರಿಸಿಕೊಳ್ಳಲಿಲ್ಲ. 1984ರ ಮಾರ್ಚಿಯಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಈ ವಿಷಯವನ್ನು ಮೊದಲ ಪುಟದಲ್ಲಿ ಬೆಳಕಿಗೆ ತಂದಿತು. ಸದಸ್ಯೆಯರನ್ನು ಆರಿಸುವ ವಿಷಯದಲ್ಲಿ ಶಾಖೆಗಳು ಸ್ವತಂತ್ರವೆಂದು ಅಂದಿನ ಮಹಾಧ್ಯಕ್ಷೆ ಸಾರಾ ಕಿಂಗ್ ಮೊದಲು ಉತ್ತರಿಸಿದ್ದರು. ಇಡೀ ವ್ಯವಸ್ಥೆಯ ಮರ್ಮ ಈ ಮಾತಿನಲ್ಲಿ ಬಯಲಾಗುತ್ತದೆ. ಕೇಂದ್ರದ ನಿಯಮಾವಳಿಯಲ್ಲಿ ಬಣ್ಣದ ಮಾತೇ ಇರಬೇಕಾಗಿಲ್ಲ. ಹತ್ತಿಪ್ಪತ್ತು ಮಂದಿಯ ಶಾಖೆಯೊಂದರ ಮೌನ ಅಸಮ್ಮತಿಯೇ ಸಾಕಿತ್ತು. ಸ್ವಾಯತ್ತತೆಯು ಶಾಖೆಗೆ ಚೈತನ್ಯವನ್ನೂ ಕೊಟ್ಟಿತ್ತು, ಅನ್ಯಾಯಕ್ಕೆ ಮರೆಯನ್ನೂ ಒದಗಿಸಿತ್ತು. ಸಾರ್ವಜನಿಕ ಆಕ್ರೋಶ ಭುಗಿಲೆದ್ದಿತು. ನಗರಸಭೆಯು ಸಂಘದ ಕಟ್ಟಡಗಳಿಗಿದ್ದ ತೆರಿಗೆಯ ವಿನಾಯಿತಿಯನ್ನು ರದ್ದುಪಡಿಸುವ ಮಾತೆತ್ತಿತು. ತರುವಾಯ ಕಿಂಗ್ ತಮ್ಮ ಮಾತನ್ನು ತಿದ್ದಿಕೊಂಡು, ಫರ್ಗ್ಯೂಸನ್ನರ ಅರ್ಜಿಯನ್ನು ಅನುಚಿತವಾಗಿ ನಡೆಸಲಾಯಿತೆಂದು ಒಪ್ಪಿದರು. ಜನಾಂಗ, ಧರ್ಮಗಳ ಆಧಾರದ ಮೇಲೆ ಯಾವ ಶಾಖೆಯೂ ಭೇದವೆಣಿಸಕೂಡದೆಂದು ಸಂಘದ ನಿಯಮಾವಳಿಯೇ ತಿದ್ದುಪಡಿ ಹೊಂದಿತು.

ತೆರಿಗೆಯ ಭಯವೋ ಪಶ್ಚಾತ್ತಾಪವೋ ಎಂದು ಕೇಳುವವರು ಕೇಳಬಹುದು. ಎರಡೂ ಇದ್ದಿರಬೇಕು. ಫರ್ಗ್ಯೂಸನ್ ಅಷ್ಟಕ್ಕೇ ತೃಪ್ತರಾಗಿ ಸುಮ್ಮನಾಗಲಿಲ್ಲವೆಂಬುದೇ ಇಲ್ಲಿ ಮುಖ್ಯ. ತನಗೊಬ್ಬಳಿಗೆ ಪ್ರವೇಶ ಸಿಕ್ಕರೆ ಸಾಲದು, ಹೆಸರಿಲ್ಲದೆ ಹೋದ ಯೋಧರ ಹೆಸರುಗಳನ್ನು ಸಂಘವೇ ಹುಡುಕಬೇಕೆಂದು ಆಕೆ ಮತ್ತು ಆಕೆಯ ಸೋದರಳಿಯ ಮಾರಿಸ್ ಬಾರ್ಬೋಜಾ ಒತ್ತಾಯಿಸಿದರು; ಅದಕ್ಕೆ ಸಂಘವು ಸಮ್ಮತಿಸಿತು. ಹೀಗೆ ಆರಂಭವಾದ ಶೋಧನೆ 2008ರಲ್ಲಿ ‘ಫರ್ಗಾಟನ್ ಪೇಟ್ರಿಯಟ್ಸ್’ ಎಂಬ ಬೃಹದ್ಗ್ರಂಥವಾಗಿ ಹೊರಬಂದಿತು. ಎಂಟುನೂರಕ್ಕೂ ಮಿಕ್ಕಿದ ಪುಟಗಳು. ಕ್ರಾಂತಿಯಲ್ಲಿ ಸೇವೆ ಸಲ್ಲಿಸಿದ ಆಫ್ರಿಕನ್ ಮೂಲದವರ ಹಾಗೂ ಅಮೆರಿಕದ ಆದಿವಾಸಿಗಳ 6,600ಕ್ಕೂ ಹೆಚ್ಚು ಹೆಸರುಗಳು. ಸೇನಾಪಟ್ಟಿ, ವೇತನದ ಚೀಟಿ, ಪಿಂಚಣಿ ಕಡತಗಳಿಂದ ಒಂದೊಂದಾಗಿ ಆಯ್ದವು ಅವು. ನೂರು ವರ್ಷಗಳ ಕಾಲ ತಡೆಯಾಗಿ ನಿಂತಿದ್ದ ಕಾಗದವು ಈಗ ಸಾಕ್ಷಿಯಾಗಿ ತಿರುಗಿ ನಿಂತಿತು. ಒಂದೊಂದು ಹೆಸರೂ ಎಲ್ಲಿಯೋ ಇರುವ ಮರಿಮೊಮ್ಮಗಳೊಬ್ಬಳಿಗೆ ಆಧಾರವಾಗಬಲ್ಲುದು. ಫರ್ಗ್ಯೂಸನ್ ಈ ಗ್ರಂಥವನ್ನು ಕಾಣಲಿಲ್ಲ. ಆಕೆ 2004ರಲ್ಲಿಯೇ ತೀರಿಕೊಂಡಿದ್ದರು.

2012ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಜಮೈಕಾ ಎಂಬಲ್ಲಿ ಹೊಸ ಶಾಖೆಯೊಂದು ರಚಿತವಾಯಿತು. ಅದರ ಸ್ಥಾಪಕ ಸದಸ್ಯೆಯರಲ್ಲಿ ಹಲವರು ಆಫ್ರಿಕನ್ ಮೂಲದವರು. ಸಂಪ್ರದಾಯದಂತೆ ಶಾಖೆಗೆ ಆ ಪ್ರದೇಶದ ಹಿಂದಿನ ದೇಶಭಕ್ತನೊಬ್ಬನ ಹೆಸರನ್ನು, ಎಂದರೆ ‘ಇನ್‌ಕ್ರೀಸ್ ಕಾರ್ಪೆಂಟರ್’ ಎಂಬ ಹೆಸರನ್ನು ಇಡಲಾಯಿತು. 1776ರ ಆಗಸ್ಟಿನಲ್ಲಿ ಸೇನಾಪತಿ ನಥಾನಿಯೆಲ್ ವುಡ್‌ಹಲ್ ಬ್ರಿಟಿಷರ ಕೈಗೆ ಸಿಕ್ಕಿಬಿದ್ದದ್ದು ಈ ಕಾರ್ಪೆಂಟರನ ಛತ್ರದಲ್ಲಿ. ಗಾಯಗೊಂಡ ಸೇನಾಪತಿ ಮರುತಿಂಗಳು ಸೆರೆಯಲ್ಲಿಯೇ ಅಸುನೀಗಿದನು. ಏಳು ವರ್ಷಗಳ ಅನಂತರ, 2019ರ ಜೂನಿನಲ್ಲಿ, ವಿಲ್ಹೆಲ್ಮೀನಾ ರೋಡ್ಸ್ ಕೆಲ್ಲಿ ನ್ಯೂಯಾರ್ಕ್ ರಾಜ್ಯದ ಎಲ್ಲ ಶಾಖೆಗಳ ಮೇಲಿನ ಅಧ್ಯಕ್ಷೆಯಾಗಿ, ಅದರೊಂದಿಗೆ ಸಂಘದ ರಾಷ್ಟ್ರೀಯ ಆಡಳಿತ ಮಂಡಳಿಯಲ್ಲಿ ಕುಳಿತ ಮೊದಲ ಆಫ್ರಿಕನ್ ಮೂಲದ ಮಹಿಳೆಯಾಗಿ ಅಧಿಕಾರ ವಹಿಸಿಕೊಂಡರು.